ಮುಳ್ಳಮ್ಮನ ರಕ್ಷಣೆಯ ಕನ್ನಡಕ

ನನ್ನ ಅತ್ತೆಗೆ ಅವರು ಕೆಲಸ ಮಾಡುವ ನರ್ಸರಿಯಲ್ಲಿ ಮುಳ್ಳಮ್ಮ ಎಂದು ಹೆಸರು. ಅಲ್ಲಿ ಕಳ್ಳಿಗಿಡಗಳಿಗೆಂದೇ ಇರುವ ಗಾಜಿನ ಮನೆ ತಮ್ಮ ವಶದಲ್ಲಿರುವುದರಿಂದ ಈ ಹೆಸರು ಬಂದಿದೆ ಎಂದು ಅವರು ನಂಬಿದ್ದಾರೆ. ಅಳಿಯನಾದ ನಾನು ಆ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ.

ಮದುವೆಗೆ ಮುಂಚೆ ಮೊದಲ ಬಾರಿ ಅವರ ಮನೆಗೆ ಹೋದಾಗ ಕಿಟಕಿಯಲ್ಲಿ ಒಂದು ಪುಟ್ಟ ಕುಂಡವಿತ್ತು. ಮೊಲದ ಕಿವಿಯ ಆಕಾರದ ಕಳ್ಳಿ, ಮೈತುಂಬ ಹಳದಿ ಮಖಮಲ್ಲಿನ ಚುಕ್ಕೆಗಳು. ಎಲ್ಲರನ್ನೂ ಮೆಚ್ಚಿಸುವ ಹುರುಪಿನಲ್ಲಿ "ಎಷ್ಟು ಮುದ್ದಾಗಿದೆ!" ಎಂದು ಅದರ ಮೈ ಸವರಿದೆ. ಅತ್ತೆ ನೋಡುತ್ತಲೇ ಇದ್ದರು, ತಡೆಯಲಿಲ್ಲ. ಕೂದಲಿಗಿಂತ ಸಣ್ಣ ಮುಳ್ಳುಗಳು ರಾಶಿ ರಾಶಿಯಾಗಿ ಬೆರಳಿಗೆ ಹತ್ತಿದವು. ಕೈಯನ್ನು ಪ್ಯಾಂಟಿಗೆ ಉಜ್ಜಿದೆ. ಮುಳ್ಳು ಮುರಿದು ಇನ್ನೂ ಒಳಗೆ ಹೋದವು, ಪ್ಯಾಂಟೂ ಕೆಟ್ಟಿತು. ಬುದ್ಧಿ ಸಾಲದೆ ಬೆರಳನ್ನು ಬಾಯಿಗಿಟ್ಟೆ. ಮದುವೆಯ ಉಳಿದ ಮಾತುಕತೆಯನ್ನೆಲ್ಲ ನಾಲಿಗೆ ಹೊರಗಿಟ್ಟುಕೊಂಡೇ ಮುಗಿಸಬೇಕಾಯಿತು.

ಅತ್ತೆಯೇ ಕೊನೆಗೆ ಕರುಣೆ ತೋರಿದರು. ಮೊದಲು ಅಂಟುಪಟ್ಟಿಯನ್ನು ಒತ್ತಿ ಒತ್ತಿ ಕಿತ್ತರು. ಅದಕ್ಕೂ ಬಾರದವುಗಳ ಮೇಲೆ, ಮಕ್ಕಳು ಕಾಗದ ಅಂಟಿಸುವ ಬಿಳಿ ಗೋಂದು ಸವರಿ, ತೆಳು ಬಟ್ಟೆ ಹಾಸಿ, ಒಣಗಿದ ಮೇಲೆ ಮೆಲ್ಲಗೆ ಸುಲಿದರು.

"ಉದ್ದ ಮುಳ್ಳಿನ ಗಿಡಾನ ನಂಬಬಹುದು. ಎದುರಿಗೇ ನಿಂತು ಚುಚ್ಚುತ್ತೆ" ಎಂದರು. "ಈ ಮೆತ್ತಗೆ, ಮುದ್ದಾಗಿ ಕಾಣೋವನ್ನ ಮಾತ್ರ ನಂಬಬಾರದು." ಹೀಗೆನ್ನುವಾಗ ಅವರು ಗಿಡದ ಬದಲು ನನ್ನ ಮುಖವನ್ನೇಕೆ ನೋಡುತ್ತಿದ್ದರೋ, ಇವತ್ತಿಗೂ ತಿಳಿದಿಲ್ಲ.

ಕಳ್ಳಿಮನೆಯಲ್ಲಿ ಅವರು ಕೆಲಸ ಮಾಡುವುದನ್ನು ನೋಡಬೇಕು. ಹಳೆಯ ಪೇಪರನ್ನು ಉದ್ದಕ್ಕೆ ಮಡಿಸಿ ಪಟ್ಟಿ ಮಾಡಿ, ಗಿಡದ ಸೊಂಟಕ್ಕೆ ಸುತ್ತಿ, ಎರಡು ತುದಿಯನ್ನು ಸೇರಿಸಿ ಹಿಡಿದು ಎತ್ತುತ್ತಾರೆ. ಮರಿಗಿಡಗಳಿಗೆ ತುದಿಗೆ ಸ್ಪಂಜು ಕಟ್ಟಿದ ಇಕ್ಕಳ. ನೂಲಿನ ಕೈಗವಸು ಕಂಡರೆ ಅವರಿಗೆ ಆಗುವುದಿಲ್ಲ; ಅದು ಸಣ್ಣ ಮುಳ್ಳುಗಳಿಗೆ ಹಾಸಿಗೆ ಹಾಸಿಕೊಟ್ಟಂತೆ ಎನ್ನುತ್ತಾರೆ. ಕುಂಡ ಕೈಜಾರಿದರೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆಯೇ ಹೊರತು ಹಿಡಿಯಲು ಹೋಗುವುದಿಲ್ಲ. "ಕುಂಡ ಒಡೆದ್ರೆ ಇನ್ನೊಂದು ಕುಂಡ ಸಿಗುತ್ತೆ. ಕೈ ಎಲ್ಲಿಂದ ತರ್ತೀರಿ?" ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಯಾರಾದರೂ ಗಾದೆ ಹೇಳಿದರೆ, "ಹಾಗಂದೋನ ಮನೇಲಿ ಚಿಮುಟ ಇರಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಾರೆ.

ಇಂಥವರಿಗೆ ಹೋದ ವರ್ಷದಿಂದ ಗಿಡಗಳು ಚುಚ್ಚತೊಡಗಿದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅತ್ತೆ ಹೇಳಿದ್ದೂ ಹೆಚ್ಚುಕಡಿಮೆ ಅದೇ: ಈ ಸಲ ಬಂದ ಗಿಡಗಳ ಗುಣವೇ ಸರಿಯಿಲ್ಲ, ಗಾಜಿನ ಮೇಲೆ ಧೂಳು, ಪೇಪರಿನವರು ಶಾಯಿ ಉಳಿಸಲು ಅಕ್ಷರ ಸಣ್ಣ ಮಾಡಿದ್ದಾರೆ. ಆ ಪೇಪರನ್ನು ಅವರು ಹಿಡಿಯುತ್ತಿದ್ದ ದೂರ ನೋಡಿದರೆ, ತೋಳು ಇನ್ನೊಂದು ಗೇಣು ಉದ್ದವಿದ್ದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತಿತ್ತು.

ನನ್ನ ಕಸುಬು ಹೇಳಲಿಲ್ಲ ಅಲ್ಲವೇ? ನನ್ನದು ಕನ್ನಡಕದ ಅಂಗಡಿ. ಅತ್ತೆಯ ಮನೆಯ ಹಿಂದಿನ ಬೀದಿಯಲ್ಲೇ ಇದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಊರು ನಗುವುದಕ್ಕೆ ಇಷ್ಟು ಸಾಕು.

ಆದರೆ ಅವರಿಗೆ ಕನ್ನಡಕದ ಮಾತೆತ್ತುವ ಹಾಗಿರಲಿಲ್ಲ. ಕಾರಣ ಅವರದೇ ನಾಲಿಗೆ. ಅವರಿಗಿಂತ ಮುಂಚೆ ಕಳ್ಳಿಮನೆ ನೋಡಿಕೊಳ್ಳುತ್ತಿದ್ದ ಮುದುಕಪ್ಪ ಒಂದು ದಿನ ಕನ್ನಡಕ ಹಾಕಿಕೊಂಡು ಬಂದಾಗ, "ಮೂಗಿನ ಮೇಲೆ ಕನ್ನಡಕ ಬಂತು ಅಂದ್ರೆ ಕಳ್ಳಿಮನೆ ಬಾಗಿಲು ಮುಚ್ಚಿತು ಅಂತ ಅರ್ಥ" ಎಂದು ಎಲ್ಲರೆದುರು ಆಡಿದ್ದರು. ನರ್ಸರಿಯ ಯಜಮಾನರಿಗೆ ಆ ಮಾತು ಹಿಡಿಸಿ, ಮುದುಕಪ್ಪನನ್ನು ಡೇಲಿಯಾ ಹೂಗಳ ಸಾಲಿಗೆ ಕಳಿಸಿಬಿಟ್ಟರು. ಈಗ ಆ ಮಾತು ಅತ್ತೆಯ ಬಾಗಿಲಿಗೇ ಬಂದು ನಿಂತಿತ್ತು.

ಕೊನೆಗೆ ಒಂದು ಮುಳ್ಳು ತೋರುಬೆರಳಿನ ಗೆಣ್ಣಿಗೇ ನಾಟಿತು. ಕಣ್ಣಿಗೆ ಸರಿಯಾಗಿ ಕಾಣದೆ ಕೀಳಲು ಹೋಗಿ ತುದಿ ಒಳಗೇ ಮುರಿಯಿತು. ಬೆರಳು ಬದನೆಕಾಯಿಯಂತೆ ಊದಿಕೊಂಡ ಮೇಲೆಯೇ ನಮಗೆ ತೋರಿಸಿದ್ದು. ಡಾಕ್ಟರು ಕೊಯ್ದು ತೆಗೆದು, ಮೊದಲ ದಿನವೇ ಬರಬೇಕಿತ್ತು ಎಂದು ಬೈದರು. ಗೆಣ್ಣಿಗೆ ಇನ್ನೊಮ್ಮೆ ಹೀಗಾದರೆ ಬೆರಳು ಮಡಚಲು ಬರುವುದಿಲ್ಲ ಎಂದರು. ಯಜಮಾನರು ಬಹಳ ಮೃದುವಾಗಿ, "ಇನ್ನೊಂದು ಸಲ ಹೀಗಾದ್ರೆ ನೀವೂ ಡೇಲಿಯಾ ಕಡೆ ಬಂದ್ಬಿಡಿ" ಎಂದರು.

ಅವತ್ತು ಸಂಜೆ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ನನಗೆ ಬೇರೆ ಕೆಲಸ ಬರಲ್ಲ ಅಳಿಯಂದ್ರೆ" ಎಂದರು. ಬೈಗುಳ ಇಲ್ಲ, ಚುಚ್ಚುಮಾತು ಇಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇವರು ಹೀಗೇ ಮೆತ್ತಗಾಗಿಬಿಟ್ಟರೆ ಏನು ಗತಿ?

ಗಾಯ ಮಾಗಿದ ಮೇಲೆ ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ನಾನು ಕಣಕ್ಕಿಳಿದೆ.

"ಅತ್ತೆ, ಹಾಲುಗಳ್ಳಿ ಕತ್ತರಿಸುವಾಗ ಆ ಹಾಲು ಕಣ್ಣಿಗೆ ಸಿಡಿದ್ರೆ ಅಪಾಯ ಅಲ್ವಾ?"

"ಅಪಾಯಾನೇ. ಉರಿ ಅಂದ್ರೆ ಉರಿ. ತಕ್ಷಣ ನೀರಲ್ಲಿ ತೊಳೀತಾನೇ ಇರ್ಬೇಕು, ಡಾಕ್ಟರ ಹತ್ರ ಓಡ್ಬೇಕು."

"ಅದಕ್ಕೇ ವೆಲ್ಡಿಂಗ್‌ನವರು ಹಾಕ್ಕೊಳ್ಳೋ ಥರ ಒಂದು ರಕ್ಷಣೆ ಕನ್ನಡಕ ಮಾಡಿಸಿದ್ದೀನಿ." ದಪ್ಪ ಚೌಕಟ್ಟು, ಪಕ್ಕದಲ್ಲಿ ಮರೆ, ಕಂಡವರು ಕಾರ್ಖಾನೆಯವರದು ಎನ್ನಬೇಕು. ಒಳಗಿನ ಗಾಜಿಗೆ ಮಾತ್ರ, ಪೇಪರು ಹಿಡಿಯುತ್ತಿದ್ದ ದೂರದಿಂದ ಅಂದಾಜು ಮಾಡಿ, ಗುಟ್ಟಾಗಿ ನಂಬರು ಕೂರಿಸಿದ್ದೆ.

ನನ್ನ ಹೆಂಡತಿಗೆ ಕೆಮ್ಮು ಬಂತು. ಮಾವ ಸೂರಿನ ಜೇಡರ ಬಲೆ ನೋಡತೊಡಗಿದರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನೋಡೋ ಕನ್ನಡಕ ಅಲ್ಲ ತಾನೇ?" ಎಂದರು.

"ಛೆ ಛೆ! ಇದ್ರಲ್ಲಿ ನೋಡೋದೇ ಇಲ್ಲ ಅತ್ತೆ."

ಮರುದಿನ ಅದು ಅವರ ಜೊತೆ ಕೆಲಸಕ್ಕೆ ಹೋಯಿತು. ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಒಬ್ಬರಿಗೆ ಇನ್ನೊಬ್ಬರ ಕನ್ನಡಕ ಕೊಟ್ಟು ಕಳಿಸಿದೆ. ಬಾಗಿಲು ಹಾಕಿ, ಹೆಂಡತಿಯನ್ನೂ ಕರೆದುಕೊಂಡು ಅತ್ತೆಯ ಮನೆಗೆ ಓಡಿದರೆ, ಬಸ್ಸು ಓಡಿಸಿ ನಿವೃತ್ತರಾದ ನನ್ನ ಮಾವ ಎಂದಿನಂತೆ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದರು. ಅತ್ತೆಯ ಸೀರೆ, ಟವಲು, ಹೊದಿಕೆ ಎಲ್ಲವನ್ನೂ ಕೈಯಾಡಿಸಿ ಆಡಿಸಿ ಮಡಿಸುವುದು ಅವರ ಚಟ. ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡಿದ್ದೆ.

ಅತ್ತೆ ಕನ್ನಡಕ ತೆಗೆಯದೆಯೇ ಮನೆಯೊಳಗೆ ಬಂದರು. "ಇವತ್ತು ಒಂದೂ ಚುಚ್ಚಲಿಲ್ಲ" ಎಂದು ಗೋಡೆಗೆ ಹೇಳಿದರು. "ಮುದುಕಪ್ಪ ನೋಡಿ ನಕ್ಕ. ನಗಲಿ, ಅವನಿಗೆ ಹಕ್ಕಿದೆ." ಆಮೇಲೆ ಮಗಳ ಕಡೆ ತಿರುಗಿ, "ನಿನಗೆ ಬಿಳಿ ಕೂದಲು ಯಾವಾಗ ಬಂತೇ?" ಎಂದರು. ನನ್ನನ್ನು ನೋಡಿ, "ಗದ್ದದ ಕೆಳಗೆ ಶೇವ್ ಮಾಡೋದು ಬಿಟ್ಟಿದ್ದೀರಿ" ಎಂದರು. ಸಿಕ್ಕಿಬಿದ್ದೆನೆಂದು ನಾನು ಚಪ್ಪಲಿ ಹುಡುಕತೊಡಗಿದೆ.

ಅಷ್ಟರಲ್ಲಿ ಮಾವ ಒಂದು ಲೋಟ ನೀರು ತಂದು ಕೊಟ್ಟರು. ಅತ್ತೆ ಲೋಟ ತೆಗೆದುಕೊಳ್ಳಲಿಲ್ಲ, ಕೈಯನ್ನೇ ಹಿಡಿದುಕೊಂಡರು. ಮಾವನ ಬೆರಳ ತುದಿಗಳೆಲ್ಲ ಕೆಂಪಾಗಿದ್ದವು, ಮಧ್ಯೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು.

"ಇದೇನ್ರೀ?"

"ಏನಿಲ್ಲ. ನಿನ್ನ ಸೀರೆ ಅಂಚಲ್ಲಿ ಒಂದೆರಡು ಇರ್ತವೆ. ನಿನಗೆ ಕಾಣಲ್ಲ, ಅದಕ್ಕೆ ನಾನೇ ತೆಗೆದಿಡ್ತೀನಿ."

"ನನ್ನ ಹತ್ರ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಕಳ್ಳಿ ಬಿಡ್ತಿದ್ಯಾ? ನನ್ನನ್ನ ಬಿಡ್ತಿದ್ದೆ."

ಬೇರೆ ದಿನವಾಗಿದ್ದರೆ ನಾವೆಲ್ಲ ನಗುತ್ತಿದ್ದೆವು. ಅತ್ತೆ ಚಿಮುಟ ತಂದು, ಮಾವನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಒಂದೊಂದೇ ಮುಳ್ಳು ತೆಗೆಯತೊಡಗಿದರು. ಮುಳ್ಳು ಹೋದ ದಾರಿಯಲ್ಲೇ ನೇರವಾಗಿ ಎಳೆದು ತೆಗೆಯುತ್ತಿದ್ದರು, ಒಂದನ್ನೂ ಮುರಿಯಲಿಲ್ಲ. ಮಧ್ಯೆ ಮಧ್ಯೆ ಕನ್ನಡಕದ ಮರೆಯಲ್ಲಿ ಕಣ್ಣೊರೆಸಿಕೊಂಡರು. ಹಾಲುಗಳ್ಳಿ ಸಿಡಿದಿರಬೇಕು ಎಂದು ನಾನು ಬಾಯಿಬಿಡಲಿಲ್ಲ. ಅಷ್ಟು ಬುದ್ಧಿ ನನಗೂ ಬಂದಿದೆ.

ಹೆಬ್ಬೆರಳಿಗೆ ಬಂದಾಗ ಅವರ ಕೈ ನಿಂತಿತು. ಮಾವನ ಕೈಯನ್ನು ಹತ್ತಿರಕ್ಕೆ ತಂದರು, ದೂರ ಹಿಡಿದರು, ಮತ್ತೆ ಹತ್ತಿರಕ್ಕೆ ತಂದರು. ನನ್ನ ಕಡೆ ತಿರುಗದೆಯೇ ಹೇಳಿದರು:

"ಅಳಿಯಂದ್ರೆ, ಕನ್ನಡಕ ಪರವಾಗಿಲ್ಲ. ಆದ್ರೆ ಇವರದ್ದು ಇನ್ನೂ ಒಂದು ಉಳಿದಿದೆ, ಸಿಗ್ತಾ ಇಲ್ಲ. ಇನ್ನೂ ಸ್ವಲ್ಪ ಜಾಸ್ತಿ ರಕ್ಷಣೆ ಇರೋದು ಮಾಡಿಕೊಡಿ."