ಓಡಾಕ ಹೊಂಟೀನ್ರಿ

ಹಿಂದೆ ಬರುತ್ತಿದ್ದ ಆಟೋ ನನ್ನನ್ನು ದಾಟಿ ಮುಂದೆ ಹೋಗಲೇ ಇಲ್ಲ. ನಾನು ಜೋರಾಗಿ ಓಡಿದರೆ ಅದೂ ಜೋರಾಗುತ್ತಿತ್ತು, ನಿಂತರೆ ಅದೂ ನಿಲ್ಲುತ್ತಿತ್ತು. ಇನ್ನೂ ಬೆಳಕು ಹರಿಯದ ತಿಲಕ್ ನಗರದ ರಸ್ತೆಯಲ್ಲಿ ಹಾಲಿನ ಬೂತೂ ತೆರೆದಿರಲಿಲ್ಲ.

ಮುಂಬೈಯಲ್ಲಿ ಮ್ಯಾರಥಾನ್ ಇತ್ತು. ರೈಲಿನ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದಿದ್ದರಿಂದ, ಸಂಜೆ ಆಫೀಸಿನಿಂದಲೇ ಸಿಕ್ಕ ಬಸ್ಸು ಹಿಡಿದಾದರೂ ಹೊರಡೋಣವೆಂದು ಬಟ್ಟೆಯ ಬ್ಯಾಗನ್ನು ಬೆನ್ನಿಗೇರಿಸಿ, ಬಿಟಿಎಂನ ಬಾಡಿಗೆ ಕೋಣೆಯಿಂದ ಜಯನಗರದ ಆಫೀಸಿನ ಬೆಳಗಿನ ಪಾಳಿಗೆ ಓಡುತ್ತಲೇ ಹೊರಟಿದ್ದೆ.

ಕೊನೆಗೆ ಆಟೋ ಅಡ್ಡ ಬಂದು ನಿಂತಿತು. ನಡುವಯಸ್ಸಿನ ಡ್ರೈವರ್ ಇಳಿದು, "ಎಲ್ಲಿಗಮ್ಮ ಹೊರಟಿದ್ದೀಯ?" ಎಂದರು. ಕೋಣೆಯ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ನಮ್ಮ ಗದಗಿನ ಮಾತು: "ಮುಂಬೈಗ್ರೀ. ಓಡಾಕ ಹೊಂಟೀನ್ರಿ."

ಅವರು ನನ್ನ ಬೆನ್ನಿನ ಬ್ಯಾಗನ್ನು ನೋಡಿದರು. "ಓಡಿ ಹೋಗ್ಬೇಡ ಕಣಮ್ಮ. ಹತ್ತು, ಮನೆಗೆ ಬಿಡ್ತೀನಿ. ನಿಮ್ಮಪ್ಪಂಗೆ ನಾನೇ ಹೇಳ್ತೀನಿ."

ಇದು ಓಟದ ಸ್ಪರ್ಧೆ ಎಂದು ಶೂ ತೋರಿಸಿ ವಿವರಿಸಿದೆ. ಅವರು ನಗಲಿಲ್ಲ. "ನನ್ ಮಗಳೂ ಇಂಥದೇ ಹೊತ್ನಲ್ಲಿ ಬ್ಯಾಗ್ ಹಾಕ್ಕೊಂಡು ಹೋದ್ಲು. ನೀನು ವಾಪಸ್ ಬರ್ತೀಯ ತಾನೆ?"

ಹೋಗುವ ಟಿಕೆಟ್ಟೇ ಖಾತ್ರಿಯಿಲ್ಲದ ನಾನು "ಬರ್ತೀನ್ರಿ" ಎಂದೆ. ಆಫೀಸಿನ ಗೇಟಿನವರೆಗೂ ಅವರ ಆಟೋದ ದೀಪ ನನ್ನ ಹಿಂದೆಯೇ ಇತ್ತು.

ಈಗಲೂ ಅದೇ ರಸ್ತೆಯಲ್ಲಿ ಓಡುತ್ತೇನೆ. ಹಿಂದೆ ಆಟೋ ನಿಧಾನವಾದರೆ ಎದೆ ಹೊಡೆದುಕೊಳ್ಳುವುದು ತಪ್ಪಿಲ್ಲ. ಆದರೂ ಅವರೇ ಇರಬಹುದೆಂದು ತಿರುಗಿ ನೋಡುತ್ತೇನೆ. ವಾಪಸ್ ಬಂದೆನೆಂದು ಅವರಿಗೆ ಇನ್ನೂ ಹೇಳಿಲ್ಲ.