ನೋಡದ ಸಿನಿಮಾಕ್ಕೆ ಐದು ಚುಕ್ಕಿ

ಟಿಣ್. ಟಿಣ್. ಆಮೇಲೆ ಒಟ್ಟಿಗೇ ಮೂರ್ನಾಲ್ಕು ಟಿಣ್. ಆ ಶುಕ್ರವಾರ ಸಂಜೆ ಆಡಕಿಯಲ್ಲಿ, ನನ್ನ ತಂಗಿಯ ಮನೆಯಂಗಳದಲ್ಲಿ, ಊರವರ ಮೊಬೈಲ್‌ಗಳು ಮಾಡಿದ ಸದ್ದು ಅದು. ಯಾರಾದರೂ ಐದು ಚುಕ್ಕಿ ಒತ್ತಿದರೆ ಸಿನಿಮಾ ರೇಟಿಂಗಿನ ಆ್ಯಪ್ ಹಾಗೆ ಸಣ್ಣಗೆ ಥ್ಯಾಂಕ್ಸ್ ಹೇಳುತ್ತಿತ್ತು. ನಾನು ಕಲಿಸುತ್ತಿದ್ದ ಕಾನ್ವೆಂಟಿನ ಚಾಪೆಲ್‌ನಲ್ಲಿ ಪ್ರೇಯರ್ ನಡುವೆ ಬಾರಿಸುತ್ತಿದ್ದ ಪುಟ್ಟ ಗಂಟೆಯಂತೆ ಕೇಳಿಸಿತು ನನಗೆ.

ತಂಗಿಯ ಮಗಳು ಸಿನಿಮಾ ತೆಗೆದಿದ್ದಳು. ಶಹಾಬಾದಿನ ಗಣಿಯಲ್ಲಿ ಫರಸಿ ಕಲ್ಲು ಹೊರುವ ಹೆಂಗಸೊಬ್ಬಳ ಕಥೆ, ಪೂರ್ತಿ ನಮ್ಮ ಕಡೆಯ ಮಾತಿನಲ್ಲಿ. ಶೂಟಿಂಗ್ ಯೂನಿಟ್‌ಗೆ ರೊಟ್ಟಿ ಬಡಿದವರೆಲ್ಲ ಊರ ಹೆಂಗಸರೇ. ವಯಸ್ಸಿನ ಒಳ್ಳೆಯ ವರ್ಷಗಳನ್ನು ಹುಡುಗಿ ಅದೊಂದಕ್ಕೇ ಸುರಿದಿದ್ದಳು.

ಬೆಂಗಳೂರಿನಲ್ಲಿ ಕೆಲವು ಥಿಯೇಟರು, ಕಲಬುರಗಿಯಲ್ಲಿ ದಿನಕ್ಕೊಂದು ಶೋ. ರಿಲೀಸಾದ ದಿನ ಬೆಳಗ್ಗೆಯೇ ರಿವ್ಯೂಗಳು ಬಂದವು. ಸೇಡಂನಲ್ಲಿ ಇಂಗ್ಲಿಷ್ ಟೀಚರಾಗಿದ್ದವಳು ನಾನು. ಓದಿ ಹೇಳುವ ಕೆಲಸ ನನ್ನದು. ಒಬ್ಬ ಕ್ರಿಟಿಕ್ ಪ್ರಾಮಾಣಿಕ ಚಿತ್ರ ಎಂದಿದ್ದ. ಇನ್ನೊಬ್ಬನಿಗೆ ಭಾರೀ ಸ್ಲೋ. ಮತ್ತೊಬ್ಬಾಕೆಗೆ ನಮ್ಮ ಕನ್ನಡ ಅರ್ಥವಾಗಲು ಸಬ್‌ಟೈಟಲ್ ಬೇಕಿತ್ತಂತೆ. ಎಲ್ಲರ ರಿವ್ಯೂ ಕೂಡಿಸಿ ಒಂದೇ ನಂಬರ್ ಮಾಡಿ ತೋರಿಸುವ ಆ್ಯಪ್‌ನಲ್ಲಿ ಆ ನಂಬರ್ ಕೆಂಪು ಬಣ್ಣದಲ್ಲಿತ್ತು. ಪಕ್ಕದಲ್ಲಿ ಪ್ರೇಕ್ಷಕರ ಸ್ಕೋರಿನ ಜಾಗ ಇನ್ನೂ ಖಾಲಿ.

ಹುಡುಗಿ ಬೆಂಗಳೂರಿನಿಂದ ಫೋನ್ ಮಾಡಿದಳು. “ಕ್ರಿಟಿಕ್ಸ್ ಬೈಲಿ ಬಿಡು ದೊಡ್ಡವ್ವ. ಆಡಿಯನ್ಸ್ ಸ್ಕೋರ್ ಛಲೋ ಬಂದ್ರ ಎರಡನೇ ವಾರ ಇಟ್ಕೋತಾರ. ಇಲ್ಲಂದ್ರ ನನಗ ಇನ್ನೊಂದು ಪಿಚ್ಚರ್ ಯಾರೂ ಕೊಡಂಗಿಲ್ಲ.”

ಸ್ಪೀಕರ್‌ನಲ್ಲಿ ತಂಗಿಗೂ ಅದು ಕೇಳಿಸಿತ್ತು. ಸಂಜೆಯೊಳಗೆ ಓಣಿಯೆಲ್ಲ ಅವಳ ಅಂಗಳದಲ್ಲಿ. ಊರಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಮಗಳ ಎಡಿಟಿಂಗ್‌ಗೆಂದು ಹಾಕಿಸಿದ ವೈಫೈ ಇದ್ದದ್ದು ಅಲ್ಲಿ ಮಾತ್ರ.

“ಪಿಚ್ಚರ್ ನೋಡೇ ಇಲ್ಲಲ್ಲ ಅಕ್ಕ, ಹ್ಯಾಂಗ ಕೊಡ್ಲಿ?” ಎಂದ ಪಕ್ಕದ ಮನೆಯವನು.

“ಮದಿವ್ಯಾಗ ಮುಯ್ಯಿ ಆಹೇರ ಮಾಡಬೇಕಾದ್ರ ಮದಿಮಗ ಹ್ಯಾಂಗ ಅದಾನಂತ ನೋಡಿ ಮಾಡ್ತಿಯೇನೋ? ಒತ್ತು ಸುಮ್ನ,” ತಂಗಿ ಗದರಿದಳು.

“ಐದೇ ಅವ ಅಲ್ರಿ ಅಕ್ಕೋರೆ,” ಒಬ್ಬಾಕೆ ನನ್ನನ್ನು ಕೇಳಿದಳು, “ಹತ್ತು ಕೊಡಾಕ ಬರಲ್ಲೇನ್ರಿ?”

“ನಾ ನಾಕೇ ಕೊಡಾಂವ. ನನ್ನ ಎಮ್ಮಿ ಫೋಟೋ ಹಿಡದ್ರು, ಪಿಚ್ಚರ್‌ನ್ಯಾಗ ಹಾಕಿಲ್ಲಂತ,” ಇನ್ನೊಬ್ಬ ತಕರಾರು ತೆಗೆದ.

“ನಿನ್ನ ಎಮ್ಮಿ ಕ್ಯಾಮ್ರಾಕ್ಕ ಬೆನ್ನ ಮಾಡಿ ನಿಂತಿತ್ತು! ಐದು ಒತ್ತತೀಯೋ ಇಲ್ಲೋ?”

ನಗುತ್ತಲೇ ಒತ್ತಿದ. ಎಲ್ಲರೂ ಒತ್ತಿದರು. ಚಹಾ ಆಯಿತು. ಭಾನುವಾರ ಕಲಬುರಗಿಗೆ ಹೋಗಿ ಸಿನಿಮಾ ನೋಡಲು ಒಂದು ಕ್ರೂಸರ್ ಜೀಪು ಕೂಡ ಗೊತ್ತುಮಾಡಿದರು.

ಶನಿವಾರ ಬೆಳಗ್ಗೆ ಸ್ಕೋರಿನ ಜಾಗದಲ್ಲಿ ಬೂದು ಬಣ್ಣದ ಒಂದು ಸಾಲು. ಅಸಹಜ ಚಟುವಟಿಕೆ ಕಂಡದ್ದರಿಂದ ರೇಟಿಂಗ್ ತಡೆಹಿಡಿಯಲಾಗಿದೆ ಎಂದು ನಯವಾದ ಇಂಗ್ಲಿಷಿನಲ್ಲಿತ್ತು. ಎಲ್ಲ ಹೊಸ ಅಕೌಂಟ್, ಒಂದೇ ಸಂಜೆ, ಒಂದೇ ಕನೆಕ್ಷನ್. ಮಧ್ಯಾಹ್ನಕ್ಕೆ ಯೂಟ್ಯೂಬ್‌ನಲ್ಲಿ ರಿವ್ಯೂ ಮಾಡುವ ಒಬ್ಬ, ಇವರು ದುಡ್ಡು ಕೊಟ್ಟು ಚುಕ್ಕಿ ಕೊಂಡಿದ್ದಾರೆಂದು ನಗಾಡಿದ. ಮಿಕ್ಕವರು ಅದನ್ನೇ ಹಿಡಿದುಕೊಂಡರು. ಅಲ್ಲಿಂದಾಚೆ ಸಿನಿಮಾದ ಮಾತೇ ಇಲ್ಲ, ಬರೀ ಮೋಸದ ಮಾತು.

“ಏನ್ ಬರದಾರ?” ತಂಗಿ ಕೇಳಿದಳು.

ಅಷ್ಟರಲ್ಲಿ ಫೋನ್ ಬಂತು. ನಾನು ಹಿತ್ತಲಿಗೆ ಹೋಗಿ ಎತ್ತಿದೆ. “ದೊಡ್ಡವ್ವ, ಪ್ರೊಡ್ಯೂಸರ್ ನನ್ನನ್ನ ಕಳ್ಳಿ ಅನ್ನಾಕತ್ತಾರ. ನಮ್ಮ ಮನಿ ವೈಫೈದಿಂದನ ಅಲ್ಲೇನು ಒತ್ತಿದ್ದು?”

“ಹೌದವ್ವ,” ಎಂದೆ. “ಅವ್ವಗ ಹೇಳಬ್ಯಾಡ,” ಅಂದಳು.

ಒಳಗೆ ಬಂದು ತಂಗಿಗೆ, ಚುಕ್ಕಿ ಇನ್ನೂ ಎಣಿಸಲಿಕತ್ತಾರಂತ, ಎಂದೆ.

ಭಾನುವಾರ ನಾವು ಶಹಾಬಾದ್ ದಾಟಿ ಕಲಬುರಗಿ ಮುಟ್ಟಿದಾಗ ಥಿಯೇಟರಿನ ಮುಂದೆ ಬೇರೆ ಸಿನಿಮಾದ ಪೋಸ್ಟರ್ ಇತ್ತು, ನಮ್ಮದನ್ನು ಎತ್ತಿಬಿಟ್ಟಿದ್ದರು. ಚುಕ್ಕಿ ಕೊಟ್ಟವರಲ್ಲಿ ಒಬ್ಬರೂ ಆ ಸಿನಿಮಾ ನೋಡಲಿಲ್ಲ. ತಂಗಿ ಗೇಟಿನ ಮುಂದೆ ನಿಂತು ಕ್ರಿಟಿಕ್‌ಗಳಿಗೆ ಬಾಯಿಗೆ ಬಂದಂತೆ ಬೈದಳು. ನಮ್ಮ ಮಾತು ಆ ದೊಡ್ಡ ಊರಿನವ್ರಿಗಿ ಹಿಡಸಲ್ಲ ಅಂದಳು. ಇಂದಿಗೂ ಹಾಗೇ ನಂಬಿದ್ದಾಳೆ. ಮಗಳು ನಂಬಲು ಬಿಟ್ಟಳು.

ಕೆಲ ದಿನ ಊರಲ್ಲಿದ್ದು, ಹುಡುಗಿ ಮುಂಬೈಗೆ ಹೊರಟಳು. ಯಾವುದೋ ಅಡ್ವರ್ಟೈಸ್‌ಮೆಂಟ್ ಕಂಪನಿಯಲ್ಲಿ, ಬೇರೆಯವರು ತೆಗೆದದ್ದನ್ನು ಕತ್ತರಿಸಿ ಜೋಡಿಸುವ ಕೆಲಸ. ವಾಡಿ ಜಂಕ್ಷನ್‌ವರೆಗೆ ನಾವಿಬ್ಬರೂ ಹೋದೆವು. ಗಾಡಿ ಬಂದಾಗ ತಂಗಿ ಮಗಳ ಗಲ್ಲ ಸವರಿದಳು.

“ಮುಂದಿನ ಪಿಚ್ಚರ್‌ದ ಚಿಂತಿ ಮಾಡ್ಬ್ಯಾಡ. ಈ ಸಲ ಚಿತ್ತಾಪುರದ ಬೀಗರಿಗೂ ಹೇಳ್ತೀನಿ. ಎಲ್ಲಾರೂ ಐದೈದು ಒತ್ತೋರೇ.”

“ಹೂಂ ಯವ್ವ, ಹೇಳು.”

ಬಾಗಿಲಲ್ಲಿ ನಿಂತು, ಗಾಡಿ ಮುಂದೆ ಹೋಗುವವರೆಗೂ ತಾಯಿಯನ್ನೇ ನೋಡಿ ನಗುತ್ತಿದ್ದಳು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ತಿರುಗಿದ್ದರೆ ಆ ನಗು ಉಳಿಯುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು, ನನಗೂ. ಆಮೇಲೆ ಅವಳು ಊರಿಗೆ ಬರಲೇ ಇಲ್ಲ. ನಾನು ಅವಳನ್ನು ನೋಡಿದ್ದು ಅದೇ ಕೊನೆ.