ಹುಳ ನಿಷೇಧಿಸಿದ ಕೊಳ

ಆರ್ವಿಲ್ ಗರ್ಟ್ಸನ್‌ನ ಗಾಳಕ್ಕೆ ಆ ಚಳಿಗಾಲದಲ್ಲಿ ಮೊದಲು ಸಿಕ್ಕಿದ್ದು ಅವನದೇ ಪ್ಯಾಂಟು. ಅದೂ ಹಿಂಭಾಗ.

ನವೆಂಬರಿನ ಎರಡನೇ ಶನಿವಾರ. ವಿಚಿಟಾದ ಹೆರಿಂಗರ್ ಪಾರ್ಕಿನ ದಕ್ಷಿಣ ಕೊಳದ ದಂಡೆಯಲ್ಲಿ ನಿಂತು ಅವನು ಕೋಲನ್ನೆತ್ತಿ ದಾರವನ್ನು ಹಿಂದಕ್ಕೆ ಬೀಸಿದ್ದ. ಹಿಂದೆ ಹೋದ ದಾರ ಪೂರ್ತಿ ನೆಟ್ಟಗಾಗುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಹದಿನಾಲ್ಕು ವರ್ಷದಿಂದ ಅವನು ತನ್ನ ತರಗತಿಯಲ್ಲಿ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಇದು. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣು ನಲವತ್ತು ಹೆಜ್ಜೆ ಆಚೆ ನಿಂತಿದ್ದ ವರ್ನಾ ಉನ್ರುಳ ಎಡಗೈ ಮೇಲಿತ್ತು. ಆ ಕೈ ಕೋಟಿನ ಜೇಬಿಗಿಳಿಯಿತು, ಹೊರಬಂತು, ನೀರಿನ ಮೇಲೆ ಏನನ್ನೋ ಎರಚಿತು. ಎರಚಿತೋ, ಸುಮ್ಮನೆ ಕೊಡವಿತೋ? ಆರ್ವಿಲ್ ಕತ್ತು ಇನ್ನಷ್ಟು ಉದ್ದ ಮಾಡಿದ. ಅಷ್ಟರಲ್ಲಿ ಉತ್ತರದಿಂದ ಗಾಳಿ ನುಗ್ಗಿತು. ಗಾಳಕ್ಕೂ ಗಾಳಿಗೂ ನಡುವೆ ಇರುವುದು ಒಂದು ಗುಡಿಸು ಮಾತ್ರ. ಆ ಗುಡಿಸನ್ನು ಮರೆತವನ ಗತಿ ಇಷ್ಟೇ.

ಎರಡು ನಾಯಿ ಹಿಡಿದು ಹೊರಟಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ನಾಯಿಗಳೂ ನೋಡಿದವು. ಕೋಲು ಕೆಳಗಿಟ್ಟು ವರ್ನಾಳೇ ಬಂದಳು.

"ಬಗ್ಗು ಮರಿ."

"ಬೇಡ ವರ್ನಾ, ನಾನೇ ತೆಗೀತೀನಿ."

"ನಿನ್ನ ಕೈ ಅಲ್ಲಿಗೆ ಎಟುಕೋ ಹಾಗಿದ್ರೆ ನೀನು ಸರ್ಕಸ್ಸಲ್ಲಿ ಇರ್ತಿದ್ದೆ. ಬಗ್ಗು."

ಅರವತ್ತೆಂಟು ವರ್ಷದ ಮರಿ ಬಗ್ಗಿತು. ವರ್ನಾ ಕೊಕ್ಕೆ ಬಿಡಿಸಿ, ಅದಕ್ಕೆ ಕಟ್ಟಿದ್ದ ನೂಲಿನ ನೊಣವನ್ನು ಅಂಗೈ ಮೇಲಿಟ್ಟು ನೋಡಿದಳು.

"ಇದೇನಿದು? ಗಸಗಸೆ ಕಾಳಿಗೆ ಮೀಸೆ ಬಂದ ಹಾಗಿದೆ."

"ಚಳಿಗಾಲದಲ್ಲಿ ಕೊಳದ ತಳದಲ್ಲಿರೋ ಹುಳದ ತದ್ರೂಪು ಅದು. ಭೂತಗನ್ನಡಿ ಇಟ್ಕೊಂಡು ಎರಡು ಗಂಟೆ ಕೂತು ಕಟ್ಟಿದ್ದೀನಿ."

"ಹಾಗಾದ್ರೆ ಮೀನಿಗೂ ಒಂದು ಭೂತಗನ್ನಡಿ ಕೊಟ್ಬಿಡು," ಎಂದು ಅವಳು ತನ್ನ ಜಾಗಕ್ಕೆ ಹೋದಳು. ಮತ್ತೆ ಜೇಬಿಗೆ ಕೈ ಹಾಕಿದಳು. ಮೂರನೇ ಬೀಸಿಗೆ ಒಂದೂವರೆ ಅಡಿಯ ಟ್ರೌಟ್ ಮೀನು ಅವಳ ಬಲೆಚೀಲದಲ್ಲಿ ಒದ್ದಾಡುತ್ತಿತ್ತು.

ಆ ವಾರ ಅವಳಿಗೆ ಅದು ಒಂಬತ್ತನೆಯದು. ಆರ್ವಿಲ್‌ಗೆ ಎಣಿಸಲು ಮೀನವೇ ಇರಲಿಲ್ಲ. ಬರೀ ಮೇಷ ಎಣಿಸುತ್ತ ನಿಂತಿದ್ದ.

ಹೆರಿಂಗರ್ ಪಾರ್ಕಿನಲ್ಲಿ ಕೊಳಗಳು ಎರಡು. ಚಳಿ ಶುರುವಾದ ಕೂಡಲೇ ಮೀನು ಸಾಕಣೆ ಕೇಂದ್ರದ ಲಾರಿ ಬಂದು ಎರಡಕ್ಕೂ ಟ್ರೌಟ್ ಸುರಿದು ಹೋಗುತ್ತದೆ. ಬೇಸಿಗೆಯ ನೀರಿನಲ್ಲಿ ಅವು ಬದುಕುವುದಿಲ್ಲ, ಹಾಗಾಗಿ ಹಿಡಿದು ತಿನ್ನುವುದೇ ಧರ್ಮ. ಉತ್ತರದ ಕೊಳದಲ್ಲಿ ಎರೆಹುಳ, ಜೋಳ, ಚೀಸ್ ವಾಸನೆಯ ಹಿಟ್ಟು, ಯಾರು ಏನು ಬೇಕಾದರೂ ಸಿಕ್ಕಿಸಬಹುದು. ದಕ್ಷಿಣದ್ದು ಮಾತ್ರ ಮಡಿ ಕೊಳ. ಅಲ್ಲಿ ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಸಿನೊಣಕ್ಕಷ್ಟೇ ಪ್ರವೇಶ. ಆರು ವರ್ಷ ಪಾಲಿಕೆಗೆ ಅರ್ಜಿ ಬರೆದು ಬರೆದು ಆ ನಿಯಮ ಮಾಡಿಸಿದವನು ಆರ್ವಿಲ್. ಹುಳ ನಿಷೇಧಿಸಿದ ಆ ಕೊಳದ ದಂಡೆಯಲ್ಲಿ ಈಗ ಅವನು ತನ್ನ ತಲೆಯೊಳಗೇ ಒಂದು ಹುಳ ಬಿಟ್ಟುಕೊಂಡಿದ್ದ: ಈಯಮ್ಮ ಕದ್ದುಮುಚ್ಚಿ ತಿಂಡಿ ಎರಚುತ್ತಿದ್ದಾಳೆ.

ಅನುಮಾನ ಅವನ ಪಾಲಿಗೆ ದುರ್ಗುಣವಲ್ಲ, ಕಸುಬು. ವಿಮಾನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ರಿವೆಟ್ ಮೊಳೆಗಳ ತಪಾಸಣೆ ಮಾಡಿದವನು. ಅವನ ಮುದ್ರೆ ಬೀಳದೆ ಒಂದು ರೆಕ್ಕೆಯೂ ಮುಂದಿನ ಕೋಣೆಗೆ ಹೋಗುತ್ತಿರಲಿಲ್ಲ. ಸಾವಿರ ರಿವೆಟ್ ಸರಿಯಿದ್ದರೆ ಸಾವಿರದ ಒಂದನೆಯದರ ಮೇಲೆ ಅವನಿಗೆ ಗುಮಾನಿ. ನಿವೃತ್ತನಾದ ಮೇಲೆ ಅವನ ಮುದ್ರೆ ಯಾರಿಗೂ ಬೇಡವಾಯಿತು. ಉಳಿದದ್ದು ಜನವರಿ, ಫೆಬ್ರವರಿಯ ಎಂಟು ಮಂಗಳವಾರ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ದಕ್ಷಿಣ ಕೊಳದ ಸಂಘದ ಪರವಾಗಿ ನೊಣ ಕಟ್ಟುವ ತರಗತಿ. ಅಲ್ಲಿ ಮಾತ್ರ ಜನ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು.

ಆ ಮೇಷ್ಟ್ರಿಕೆಗೇ ಈಗ ಕತ್ತರಿ ಬಿದ್ದಿತ್ತು. ಬಿದ್ದದ್ದು ಸಂಘದ ಅಧ್ಯಕ್ಷ, ನಿವೃತ್ತ ಕ್ಷೌರಿಕ ವೆಂಡೆಲ್ ಡ್ರೈಲಿಂಗ್‌ನ ಗ್ಯಾರೇಜಿನಲ್ಲಿ. ಸ್ನೇಹಿತರ ತಲೆಯನ್ನು ಅವನು ಈಗಲೂ ಅಲ್ಲೇ ಕತ್ತರಿಸುತ್ತಾನೆ.

"ಒಂದು ಮಾತು ಬಂದಿದೆ ಆರ್ವಿಲ್. ಅಲ್ಲಾಡ್ಬೇಡ, ಕಿವಿ ಹೋಗತ್ತೆ."

"ಏನು?"

"ಈ ಸಲ ತರಗತೀನ ವರ್ನಾ ಕೈಗೆ ಕೊಟ್ರೆ ಹೇಗೆ ಅಂತ. ಡಿಸೆಂಬರ್ ಮೊದಲ ಶನಿವಾರ ಚಿಲಿ ಊಟ ಇದೆಯಲ್ಲ, ಅವತ್ತೇ ತೀರ್ಮಾನ ಮಾಡೋಣ ಅಂತಿದಾರೆ ಕೆಲವರು."

"ಕೆಲವರು ಅಂದ್ರೆ ಯಾರ್ಯಾರು?"

ವೆಂಡೆಲ್ ಕತ್ತರಿ ಬದಲಾಯಿಸಿದ. "ನಿನ್ನೊಬ್ಬನ್ನ ಬಿಟ್ಟು ಉಳಿದೋರು."

ಅಂದಿನಿಂದ ಆರ್ವಿಲ್ ಕೊಳಕ್ಕೆ ಕೋಲಿಗಿಂತ ಹೆಚ್ಚಾಗಿ ದುರ್ಬೀನು ತರತೊಡಗಿದ. ಕೇಳಿದವರಿಗೆ ಹಕ್ಕಿ ನೋಡಲು ಎನ್ನುತ್ತಿದ್ದ. ಅಲ್ಲಿದ್ದ ಹಕ್ಕಿಗಳೆಂದರೆ ದಾರಿಯುದ್ದಕ್ಕೂ ಹಿಕ್ಕೆ ಹಾಕುತ್ತ ಓಡಾಡುವ ಹೆಬ್ಬಾತುಗಳು. ಅವನ್ನು ನೋಡಲು ದುರ್ಬೀನು ಬೇಕಿಲ್ಲ, ಕಾಲಡಿ ನೋಡಿಕೊಂಡರೆ ಸಾಕು.

ವರ್ನಾಳ ಬಗ್ಗೆ ಗೊತ್ತಿದ್ದುದನ್ನೆಲ್ಲ ಅವನು ಮನಸ್ಸಿನಲ್ಲೇ ಬಿಚ್ಚಿ ಮತ್ತೆ ಜೋಡಿಸಿದ. ಗೋಧಿ ಸೀಮೆಯ, ಮೆನೊನೈಟ್ ಕ್ರೈಸ್ತ ಪಂಥದ ಒಕ್ಕಲು ಮನೆಯ ಒಂಬತ್ತನೇ ಮಗು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದು ದಿನಕ್ಕೆ ಆರುನೂರು ಮಕ್ಕಳಿಗೆ ಬಡಿಸಿದವಳು; ಆ ಅಭ್ಯಾಸಕ್ಕೆ ಈಗಲೂ ಪಾದ್ರಿಯಿಂದ ಪೊಲೀಸಿನವರೆಗೆ ಎಲ್ಲರೂ ಅವಳಿಗೆ ಮರಿಯೇ. ಗಂಡ ಹಾರ್ಲನ್ ನಿವೃತ್ತನಾಗಿ ಮನೆಯಲ್ಲೇ ಕೂತ ಮೇಲೆ ಮನೆ ಚಿಕ್ಕದಾಯಿತೆಂದು ಎರಡು ವರ್ಷದ ಹಿಂದೆ ಸಂಘ ಸೇರಿದಳು. ಆರ್ವಿಲ್‌ನ ತರಗತಿಗೂ ಬಂದಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು ಎಂಟು ವಾರದಲ್ಲಿ ಒಂದೇ ಒಂದು ನೊಣ ಕಟ್ಟಿದ್ದಳು. ಅದು ನೊಣದ ಹಾಗೂ ಇರಲಿಲ್ಲ, ಹುಳದ ಹಾಗೂ ಇರಲಿಲ್ಲ. ಕಂದು ಬಣ್ಣದ ಒಂದು ಗಂಟು. "ಇದ್ಯಾವ ಜಾತಿ?" ಎಂದು ಆರ್ವಿಲ್ ಕೇಳಿದ್ದಕ್ಕೆ ಇಡೀ ತರಗತಿ ನಕ್ಕಿತ್ತು, ಅವಳೂ ನಕ್ಕಿದ್ದಳು. ಆ ನಗುವೇ ಈಗ ಅವನಿಗೆ ಸಂಶಯಾಸ್ಪದವಾಗಿ ಕಂಡಿತು. ಅವಮಾನವಾದವರು ಅಷ್ಟು ಮನಸಾರೆ ನಗುತ್ತಾರೆಯೇ?

ಗಂಡನ ಮೇಲೂ ಗುಮಾನಿ ಬಂತು. ಹಾರ್ಲನ್ ಕೊಳಕ್ಕೆ ಇಳಿಯುತ್ತಲೇ ಇರಲಿಲ್ಲ. ಪಿಕಪ್ಪಿನಲ್ಲಿ ಹೀಟರ್ ಹಾಕಿಕೊಂಡು ಕೂತು ಆಗಾಗ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಪಾರ್ಕಿನ ಕಾವಲುಗಾರ ಬರುವ ಸೂಚನೆಯಲ್ಲದೆ ಇನ್ನೇನಿದ್ದೀತು? ಆರ್ವಿಲ್ ಹೋಗಿ ಕಿಟಕಿ ತಟ್ಟಿದ.

"ಹಾರ್ನ್ ಯಾಕೆ ಹೊಡೆದ್ರಿ ಹಾರ್ಲನ್?"

"ರೇಡಿಯೋದಲ್ಲಿ ಫುಟ್‌ಬಾಲ್ ಆಟ ಬರ್ತಿದೆ. ನಮ್ಮವರು ಟಚ್‌ಡೌನ್ ಮಾಡಿದ್ರು. ಅವಳಿಗೆ ಹೇಳ್ಬೇಕಲ್ಲ."

"ಮೊನ್ನೆ ಬುಧವಾರಾನೂ ಹೊಡೆದ್ರಲ್ಲ? ಅವತ್ತು ಆಟ ಇರ್ಲಿಲ್ಲ."

"ಬುಧವಾರ ಒಂದಕ್ಕೆ ಅರ್ಜೆಂಟಾಗಿತ್ತು. ಬೇಗ ಬಾ, ಮನೆಗೆ ಹೋಗೋಣ ಅಂತ."

ಇಷ್ಟು ಸಲೀಸಾಗಿ ಉತ್ತರ ಕೊಡುವವನು ಮುಂಚೆಯೇ ತಾಲೀಮು ಮಾಡಿರಬೇಕು ಎಂದುಕೊಂಡು ಆರ್ವಿಲ್ ಹಿಂದಿರುಗಿದ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮರುದಿನ ಸಾಕ್ಷ್ಯ ತಾನಾಗಿಯೇ ಕೈಗೆ ಬಂತು. ಹೊರಡುವ ಮುಂಚೆ ವರ್ನಾ ಒಂದು ಟ್ರೌಟನ್ನು ಅವನ ಮುಂದೆ ಹಿಡಿದಳು.

"ತಗೋ ಮರಿ. ನಮ್ಮ ಫ್ರಿಜ್ಜಲ್ಲಿ ಹಬ್ಬದ ಟರ್ಕಿ ಕೋಳಿ ಇನ್ನೂ ಅರ್ಧ ಕೂತಿದೆ, ಇದಕ್ಕೆ ಜಾಗ ಇಲ್ಲ. ನಿನ್ನ ಬಲೆಚೀಲ ನೋಡಿದ್ರೆ ಅಳು ಬರತ್ತೆ."

ಬೇರೆ ದಿನವಾಗಿದ್ದರೆ ಬೇಡ ಎನ್ನುತ್ತಿದ್ದ. ಅವತ್ತು ಎರಡು ಕೈಯಲ್ಲಿ ತೆಗೆದುಕೊಂಡ. ಮನೆಗೆ ಹೋಗಿ ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಹರಡಿ ಮೀನಿನ ಹೊಟ್ಟೆ ಸೀಳಿದ. ಜೋಳ ಸಿಗಲಿಲ್ಲ. ಹಿಟ್ಟು ಸಿಗಲಿಲ್ಲ. ಕಡಲೆಕಾಳಿಗಿಂತ ಚಿಕ್ಕದಾದ ಏಳು ಕಂದು ಹರಳು ಸಿಕ್ಕವು, ಜೊತೆಗೊಂದು ಸಿಗರೇಟಿನ ತುಂಡು.

ಕಲ್ಲು! ಮೀನು ಕಲ್ಲು ತಿನ್ನುತ್ತದೆಯೇ? ಹಾಗಾದರೆ ಇದು ಕಲ್ಲಿನ ವೇಷದಲ್ಲಿರುವ ಹೊಸ ತಿಂಡಿ. ಮೂಸಿದ, ಮೀನಿನ ವಾಸನೆ. ಬಿಸಿನೀರಿನಲ್ಲಿ ಒಂದು ಗಂಟೆ ನೆನೆಹಾಕಿದ, ಕರಗಲಿಲ್ಲ. ಚೂರಿಯಿಂದ ಕೆರೆದ, ಚೂರಿ ಮೊಂಡಾಯಿತು. ಕೊನೆಗೆ ತೊಳೆದು ಒಂದನ್ನು ಹಲ್ಲಿನಲ್ಲಿ ಕಡಿದೂ ನೋಡಿದ. ಹಲ್ಲು ಹೇಳಿತು ಕಲ್ಲು ಎಂದು. ಅವನು ಹಲ್ಲನ್ನೂ ನಂಬಲಿಲ್ಲ. ಏಳನ್ನೂ ಕಡಲೆಕಾಯಿ ಬೆಣ್ಣೆಯ ಖಾಲಿ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಳ ತಿರುಗಿಸಿದ.

ಡಿಸೆಂಬರ್ ಮೊದಲ ಶನಿವಾರ ಮಧ್ಯಾಹ್ನ, ಕೊಳದ ಪಕ್ಕದ ಚಪ್ಪರದಲ್ಲಿ ಊಟ. ಸಂಘದ ಏಳೂ ಜನ ಬಂದಿದ್ದರು. ಊಟದ ವಾಸನೆಗೆ ಹಾರ್ಲನ್‌ನೂ ಪಿಕಪ್ಪಿನಿಂದ ಇಳಿದಿದ್ದ. ದೊಡ್ಡ ಪಾತ್ರೆಯಲ್ಲಿ ಮಾಂಸ, ಹುರುಳಿಕಾಯಿ ಬೀಜ ಹಾಕಿ ಕುದಿಸಿದ ಚಿಲಿ, ಜೊತೆಗೆ ವರ್ನಾ ಮಾಡಿ ತಂದ ದಾಲ್ಚಿನ್ನಿ ಸುರುಳಿ ಬನ್ನು. ಖಾರದ ಚಿಲಿಗೆ ಸಿಹಿ ಬನ್ನು ಅದ್ದಿ ತಿನ್ನುವುದು ಶಾಲೆಯ ದಿನಗಳಿಂದ ಬಂದ ರೂಢಿ. ಅಲ್ಲಿದ್ದ ಮೂವರು ಮಕ್ಕಳಾಗಿದ್ದಾಗ ಅವಳ ಕೈಯಿಂದಲೇ ಅದನ್ನು ತಿಂದವರು. ಮತ ಯಾವ ಕಡೆ ವಾಲಿದೆ ಎನ್ನುವುದು ಬನ್ನಿನ ತಟ್ಟೆ ಖಾಲಿಯಾದ ವೇಗದಲ್ಲೇ ಆರ್ವಿಲ್‌ಗೆ ತಿಳಿಯಿತು. ಎದ್ದು ನಿಂತ. ಬಾಟಲಿಯನ್ನು ಮೇಜಿನ ನಡುವೆ ಇಟ್ಟ.

"ತೀರ್ಮಾನಕ್ಕೆ ಮುಂಚೆ ಎಲ್ಲರೂ ಇದನ್ನ ನೋಡ್ಬೇಕು. ವರ್ನಾ ಹಿಡಿದ ಮೀನಿನ ಹೊಟ್ಟೇಲಿ ಸಿಕ್ಕಿದ್ದು. ಅವರು ಪ್ರತಿ ಸಲ ಬೀಸೋಕೆ ಮುಂಚೆ ಜೇಬಿಂದ ತೆಗೆದು ನೀರಿಗೆ ಎರಚೋದೂ ಇದೇ. ನನ್ನ ಕಣ್ಣಾರೆ ನೋಡಿದ್ದೀನಿ. ಇದೇನು ಅಂತ ಅವರೇ ಹೇಳ್ಲಿ."

ಚಮಚಗಳು ನಿಂತವು. ವರ್ನಾ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

"ಕಲ್ಲು ಮರಿ."

"ಎಲ್ಲಿಂದ ತಂದ್ರಿ?"

"ನೀನು ನಿಂತಿದ್ದೀಯಲ್ಲ, ಆ ದಾರಿಯಿಂದಾನೇ." ಅವಳು ಜೇಬಿನಿಂದ ಒಂದು ಹಿಡಿ ತೆಗೆದು ಮೇಜಿನ ಮೇಲೆ ಸುರಿದಳು. ಆರ್ವಿಲ್ ತನ್ನ ಬೂಟಿನ ಕೆಳಗೆ ನೋಡಿದ. ಅದೇ ಜಲ್ಲಿ, ಅದೇ ಬಣ್ಣ.

"ಹಾಗಾದ್ರೆ ಅದನ್ನ ನೀರಿಗೆ ಹಾಕೋದು ಯಾಕೆ?"

"ಊಟದ ಗಂಟೆ ಅದು. ಮೂರನೇ ಕ್ಲಾಸಿನ ಮಕ್ಕಳ ಬುತ್ತಿ ಹೊತ್ಕೊಂಡು ಒಂದ್ಸಲ ಮೀನು ಸಾಕೋ ಜಾಗಕ್ಕೆ ಹೋಗಿದ್ದೆ. ಈ ಟ್ರೌಟ್‌ಗಳು ಮರಿಯಾದಾಗಿಂದ ಸಿಮೆಂಟ್ ತೊಟ್ಟೀಲೇ ಇರ್ತಾವೆ. ಹೊತ್ತುಹೊತ್ತಿಗೆ ಒಬ್ಬ ಬಂದು ಮೇಲಿಂದ ಕಂದು ಗುಳಿಗೆ ಎರಚ್ತಾನೆ. ಪಟಪಟ ಸದ್ದಾದ್ರೆ ಊಟ ಬಂತು ಅಂತ ಅರ್ಥ. ನಮ್ಮ ಶಾಲೇಲೂ ಅಷ್ಟೇ ಅಲ್ವಾ? ಟ್ರೇ ಮುಚ್ಚಳ ಟಣ್ ಅಂದ್ರೆ ಸಾಕು, ಒಳಗೇನಿದೆ ಅಂತ ನೋಡೋಕೆ ಮುಂಚೇನೇ ಸಾಲು. ಆಮೇಲೆ ನನ್ನ ನೊಣ ಬಿಡ್ತೀನಿ. ಅದು ನೊಣ ಅಲ್ಲ ಬಿಡು, ಬಚ್ಚಲುಮನೆ ಕಾಲೊರೆಸಿನ ನೂಲಲ್ಲಿ ಕಟ್ಟಿದ ಗುಳಿಗೆ. ಪಾಪ, ಆ ಮೀನುಗಳು ಹುಟ್ಟಿದ ಮೇಲೆ ಹುಳದ ಮುಖಾನೇ ನೋಡಿಲ್ಲ."

ಹದಿನಾಲ್ಕು ವರ್ಷ ಗೋಡೆಗೆ ನೇತುಹಾಕಿ ವಿವರಿಸಿದ ಜಲಕೀಟಗಳ ಪಟ ಆರ್ವಿಲ್‌ನ ಕಣ್ಣೆದುರು ಸುರುಳಿ ಸುತ್ತಿಕೊಂಡಿತು. ಆದರೂ ಅವನು ಕೊಕ್ಕೆ ಬಿಡಲಿಲ್ಲ.

"ನಿಯಮ ಓದು ವೆಂಡೆಲ್. ನೀರಿಗೆ ಏನೂ ಎರಚೋ ಹಾಗಿಲ್ಲ!"

ವೆಂಡೆಲ್ ಚಪ್ಪರದ ಕಂಬಕ್ಕೆ ಹೊಡೆದಿದ್ದ ಫಲಕದ ಬಳಿ ಹೋಗಿ ಗಟ್ಟಿಯಾಗಿ ಓದಿದ. "'ಮೀನು ತಿನ್ನುವಂಥ ಯಾವ ಪದಾರ್ಥವನ್ನೂ ನೀರಿಗೆ ಹಾಕತಕ್ಕದ್ದಲ್ಲ.' ನೀನೇ ಬರೆದಿದ್ದು ಆರ್ವಿಲ್. ಕಲ್ಲು ತಿನ್ನೋ ಪದಾರ್ಥಾನಾ?"

"ತಿಂದಿದೆಯಲ್ಲ! ಹೊಟ್ಟೇಲಿತ್ತು! ಸಿಗರೇಟ್ ತುಂಡೂ ಇತ್ತು, ಬೇಕಾದ್ರೆ ತೋರಿಸ್ತೀನಿ."

"ನಾನು ಸಿಗರೇಟ್ ಬಿಟ್ಟು ಹನ್ನೊಂದು ವರ್ಷ ಆಯ್ತು," ಎಂದ ಹಾರ್ಲನ್, ಯಾರೂ ಕೇಳದಿದ್ದರೂ. ವರ್ನಾ ಅವನತ್ತ ಒಮ್ಮೆ ನೋಡಿದಳು. ಆರ್ವಿಲ್‌ಗೆ ಅಲ್ಲೊಂದು ಹೊಸ ತನಿಖೆ ಕಂಡಿತು, ಆದರೆ ಈಗ ಅದಕ್ಕೆ ಸಮಯವಿರಲಿಲ್ಲ.

ಅಷ್ಟರಲ್ಲಿ ಆ ಊಟದ ಗಂಟೆಯನ್ನು ಕಣ್ಣಾರೆ ನೋಡಲು ಎಲ್ಲರೂ ದಂಡೆಗೆ ಇಳಿದಿದ್ದರು. ವರ್ನಾ ಒಂದು ಹಿಡಿ ಜಲ್ಲಿ ಬೀಸಿ ಎರಚಿದಳು. ಪಟಪಟ ಸದ್ದು ಅಡಗುವ ಮುಂಚೆಯೇ ನೀರು ಅಲ್ಲಿ, ಇಲ್ಲಿ, ಮತ್ತೆ ಅಲ್ಲಿ ಉಂಗುರ ಉಂಗುರವಾಗಿ ಒಡೆಯಿತು. ಮೂರು ವಾರ ಆರ್ವಿಲ್‌ಗೆ ಬಾಲವನ್ನೂ ತೋರಿಸದಿದ್ದ ಕೊಳ ಬಾಯಿ ಬಾಯಿ ಬಿಡುತ್ತಿತ್ತು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಆರ್ವಿಲ್ ಎರಡು ಕೈಯನ್ನೂ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. ಎಂಟು ಮಂಗಳವಾರಗಳೂ ಒಂದೊಂದಾಗಿ ನೀರಿಗಿಳಿಯುವುದು ಅವನಿಗೆ ಕಾಣುತ್ತಿತ್ತು.

ವೆಂಡೆಲ್ ಗಂಟಲು ಸರಿಮಾಡಿಕೊಂಡ. "ಸರಿ ಹಾಗಾದ್ರೆ. ಎಲ್ಲರೆದುರೇ ಕೇಳ್ತೀನಿ ವರ್ನಾ. ಈ ಜನವರಿ ತರಗತಿ ನೀನು ತಗೋತೀಯಾ?"

ವರ್ನಾ ಕೈಗಂಟಿದ ಧೂಳನ್ನು ಕೋಟಿಗೆ ಒರೆಸಿಕೊಂಡಳು.

"ನಾನಾ? ಎಂಟು ವಾರ ಏನು ಹೇಳ್ಲಿ ಮರಿ? ನನಗೆ ಗೊತ್ತಿದ್ದದ್ದೆಲ್ಲ ಈಗ ಹೇಳಿ ಮುಗೀತಲ್ಲ. ಆರ್ವಿಲ್‌ಗೇ ಬಿಡಿ. ಮೀನಿಗೆ ಬೇಡದೇ ಇರೋದನ್ನ ಎಂಟು ವಾರ ಎಳೆಯೋಕೆ ಅವನೊಬ್ಬನಿಗೇ ಬರೋದು."